ಬೇರಿಕೆಯಿಂದ ಟಮಕಕ್ಕೆ: ಹಳ್ಳಿಗಾಡಿನ ವೈದ್ಯಕೀಯ ಕಾಲೇಜೊಂದರ ನೆನಪುಗಳು

ತಮಿಳುನಾಡಿನ ಹೊಸೂರು ಸೀಮೆಯ ನಮ್ಮ ಬೇರಿಕೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಹಿರಿಯರು ಜಗಲಿಯ ಮೇಲೆ ಕುಳಿತು ಮೊದಲು ತೀರ್ಮಾನಿಸುತ್ತಿದ್ದದ್ದು ದಿಕ್ಕನ್ನು. ಉತ್ತರಕ್ಕೆ ಹೊರಟರೆ ಮಾಸ್ತಿ, ಮಾಲೂರು ದಾಟಿ ಕೋಲಾರ. ಪಶ್ಚಿಮಕ್ಕೆ ಬಾಗಲೂರು, ಹೊಸೂರು, ಅಲ್ಲಿಂದ ಬೆಂಗಳೂರು. ದಕ್ಷಿಣಕ್ಕೆ ಶೂಳಗಿರಿ, ಕೃಷ್ಣಗಿರಿ. ಪೂರ್ವಕ್ಕೆ ಕುಪ್ಪಂ, ಕೈಯಲ್ಲಿ ಒಂದಿಷ್ಟು ದುಡ್ಡಿದ್ದು ಕಾಯಿಲೆಯೂ ಗಟ್ಟಿಯಾಗಿದ್ದರೆ ಇನ್ನೂ ಮುಂದೆ ವೇಲೂರು. ಕೆಮ್ಮಿನಲ್ಲಿ ರಕ್ತ ಬಿದ್ದರೆ ಮದನಪಲ್ಲಿ, ಏಕೆಂದರೆ 1912ರಲ್ಲಿ ಶುರುವಾದ ಅಲ್ಲಿನ ಆರೋಗ್ಯವರಂ ಕ್ಷಯ ಚಿಕಿತ್ಸಾಲಯದ ಹೆಸರು ಈ ಸೀಮೆಯಲ್ಲೆಲ್ಲ ಮನೆಮಾತು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು ಆಡುವ ಊರಿಗೆ ರಾಜ್ಯದ ಗಡಿ ಎಂಬುದು ಕಂದಾಯದ ಕಾಗದದಲ್ಲಿ ಮಾತ್ರ ಗಟ್ಟಿಯಾಗಿತ್ತು. ಕಾಯಿಲೆಯವರಿಗೆ ಹತ್ತಿರದ ಬಸ್ಸೇ ದೊಡ್ಡದು.

ಈ ಸ್ಮರಣ ಸಂಚಿಕೆಯ ಸಂಪಾದಕರು ನನ್ನನ್ನು ಕೇಳಿದ್ದು ಹಳ್ಳಿಗಾಡಿನ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳಿದ ದಿನಗಳ ಬಗ್ಗೆ ಬರೆಯಲು. ನಾನು ಸಮುದಾಯ ವೈದ್ಯಶಾಸ್ತ್ರದ ಮೇಷ್ಟ್ರು. ಸೇವೆ ಸಲ್ಲಿಸಿದ್ದು ಕೋಲಾರದ ಟಮಕದಲ್ಲಿರುವ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜಿನಲ್ಲಿ. ಕಾಲೇಜಿನ ಅಧಿಕೃತ ಚರಿತ್ರೆ ಬರೆಯುವ ಅಧಿಕಾರ ನನಗಿಲ್ಲ. ಗಡಿಯ ಈಚೆಯಿಂದ ಹೋದ ಒಬ್ಬ ಮೇಷ್ಟ್ರು ಅಲ್ಲಿ ಏನು ಕಂಡ, ಏನು ಕಲಿಸಿದ, ಅದಕ್ಕಿಂತ ಹೆಚ್ಚಾಗಿ ಏನು ಕಲಿತ ಎಂಬುದನ್ನಷ್ಟೇ ಹೇಳುತ್ತೇನೆ.

ಕಾಲೇಜು ಬರುವ ಮೊದಲು

ಹೊಸೂರು ಸೀಮೆ ಬಹುಕಾಲ ಸೇಲಂ ಜಿಲ್ಲೆಯ ಒಂದು ಮೂಲೆಯಾಗಿತ್ತು. 1965ರಲ್ಲಿ ಧರ್ಮಪುರಿ ಜಿಲ್ಲೆಯಾಯಿತು, 2004ರಲ್ಲಿ ಕೃಷ್ಣಗಿರಿ ಜಿಲ್ಲೆಯಾಯಿತು. ಜಿಲ್ಲಾ ಕೇಂದ್ರ ಅಷ್ಟು ದೂರವಿದ್ದ ಕಾಲದಲ್ಲಿ ದೊಡ್ಡಾಸ್ಪತ್ರೆಯೂ ಅಷ್ಟೇ ದೂರ. ಹಾಗಾಗಿ ನಮ್ಮವರು ಕೋಲಾರದ ಕಡೆ ನೋಡುತ್ತಿದ್ದರು. ಅಲ್ಲಿ ಸರ್ಕಾರದ ನರಸಿಂಹರಾಜ ಆಸ್ಪತ್ರೆ ಇತ್ತು. ಹೆರಿಗೆಗೆ ಹೆಸರಾದ, ಮೆಥೋಡಿಸ್ಟ್ ಮಿಷನ್ನಿನವರ ಇಟಿಸಿಎಂ ಆಸ್ಪತ್ರೆ ಇತ್ತು. ಕೆಜಿಎಫ್‌ನಲ್ಲಿ ಚಿನ್ನದ ಗಣಿಯವರ ಆಸ್ಪತ್ರೆ ಇತ್ತು. ಗಣಿಯ ಆಸ್ಪತ್ರೆ ಕಾರ್ಮಿಕರದ್ದು. ಕಲ್ಲಿನ ಧೂಳು ಕುಡಿದು ಶ್ವಾಸಕೋಶ ಗಟ್ಟಿಯಾದವರನ್ನೂ ಸುರಂಗದಲ್ಲಿ ಬಂಡೆ ಸಿಡಿದು ಮೂಳೆ ಮುರಿದವರನ್ನೂ ನೋಡಿ ನೋಡಿ ಪಳಗಿದ ಜಾಗ ಅದು. 2001ರಲ್ಲಿ ಗಣಿ ಮುಚ್ಚಿತು, ಅದರ ಜೊತೆ ಆ ಆಸ್ಪತ್ರೆಯೂ ಮುಚ್ಚಿತು.

ವೈದ್ಯಶಿಕ್ಷಣ ಹಳ್ಳಿಯ ಕಡೆ ಮುಖ ಮಾಡಬೇಕೆಂಬ ಮಾತು ಹೊಸದಲ್ಲ. 1946ರಲ್ಲಿ ಭೋರ್ ಸಮಿತಿ ಹೇಳಿತ್ತು. 1975ರಲ್ಲಿ ಶ್ರೀವಾಸ್ತವ ಸಮಿತಿ ಮತ್ತೆ ಹೇಳಿತು. ಅದರ ಬೆನ್ನಿಗೇ ಪ್ರತಿ ವೈದ್ಯಕೀಯ ಕಾಲೇಜೂ ಮೂರು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹೊಣೆ ಹೊರಬೇಕೆಂಬ ಯೋಜನೆ ಬಂತು. ಹಳ್ಳಿಗೆ ಹೋಗಲು ದೊಡ್ಡ ವ್ಯಾನುಗಳೂ ಬಂದವು. ಯೋಜನೆ ಸರಿಯಾಗಿಯೇ ಇತ್ತು. ಆದರೆ ಕಾಲೇಜುಗಳು ಬಹುಪಾಲು ನಗರದಲ್ಲಿದ್ದವು, ಮೇಷ್ಟ್ರುಗಳ ಮನೆಗಳೂ ನಗರದಲ್ಲಿದ್ದವು. ಬೆಳಿಗ್ಗೆ ಹೊರಟ ವ್ಯಾನು ಮಧ್ಯಾಹ್ನದ ಊಟಕ್ಕೆ ವಾಪಸಾಗುತ್ತಿತ್ತು.

1986

ಕೋಲಾರದ ಕಾಲೇಜು ಶುರುವಾದದ್ದು 1986ರಲ್ಲಿ. ಅದೇ ವರ್ಷ ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನಲ್ಲಿ ಆದಿಚುಂಚನಗಿರಿ ಮಠದ ವೈದ್ಯಕೀಯ ಕಾಲೇಜೂ ಶುರುವಾಯಿತು. ಹಳ್ಳಿಗಾಡಿನ ನಡುವೆ ಎರಡು ಕಾಲೇಜುಗಳು ಒಂದೇ ವರ್ಷ ತಲೆ ಎತ್ತಿದ್ದು ಹಳೇ ಮೈಸೂರು ಸೀಮೆಯ ಮಟ್ಟಿಗೆ ದೊಡ್ಡ ಸಂಗತಿ. ಟಮಕದ ಕಾಲೇಜನ್ನು ಕಟ್ಟಿದ್ದು ಹಿಂದುಳಿದ ವರ್ಗಗಳಿಗಾಗಿ ಸ್ಥಾಪನೆಯಾದ ಶ್ರೀ ದೇವರಾಜ ಅರಸು ಶೈಕ್ಷಣಿಕ ಟ್ರಸ್ಟು. ಅದರ ಹಿಂದೆ ನಿಂತವರು ಆರ್.ಎಲ್. ಜಾಲಪ್ಪನವರು. ದೊಡ್ಡಬಳ್ಳಾಪುರ ಕಡೆಯ ಜಾಲಪ್ಪನವರು ಅರಸು ಅವರ ಗರಡಿಯ ರಾಜಕಾರಣಿ, ಮುಂದೆ ಕೇಂದ್ರದಲ್ಲಿ ಜವಳಿ ಮಂತ್ರಿಯಾದವರು. ಅವರ ಹೆಸರಿನ ಆಸ್ಪತ್ರೆಯೇ ಕಾಲೇಜಿನ ಬೋಧನಾ ಆಸ್ಪತ್ರೆ. 2021ರ ಡಿಸೆಂಬರ್‌ನಲ್ಲಿ ತೊಂಬತ್ತಾರರ ವಯಸ್ಸಿನಲ್ಲಿ ಅವರು ಕೊನೆಯುಸಿರೆಳೆದದ್ದೂ ಅದೇ ಆಸ್ಪತ್ರೆಯಲ್ಲಿ.

ನಾನು ಸೇರುವ ಹೊತ್ತಿಗೆ, ತೊಂಬತ್ತರ ದಶಕದ ಆರಂಭದಲ್ಲಿ, ಟಮಕ ಕೋಲಾರ ಪಟ್ಟಣದ ಹೊರಗಿನ ಬಯಲು. ಹೆದ್ದಾರಿಯ ಪಕ್ಕ ಕಟ್ಟಡಗಳು, ಸುತ್ತ ರಾಗಿ ಹೊಲ, ನೀಲಗಿರಿ ತೋಪು, ದೂರದಲ್ಲಿ ಕೋಲಾರದ ಬೆಟ್ಟಸಾಲು. ಬೇಸಿಗೆಯಲ್ಲಿ ನೀರಿನ ಟ್ಯಾಂಕರಿನ ಸದ್ದು ಕೇಳಿದರೆ ಹಾಸ್ಟೆಲಿನ ಹುಡುಗರೆಲ್ಲ ಬಕೆಟ್ ಹಿಡಿದು ಓಡುತ್ತಿದ್ದರು. ಕೇರಳ, ದೆಹಲಿ, ಬಿಹಾರದ ಕಡೆಯಿಂದ ಬಂದವರಿಗೆ ಮುದ್ದೆ ಕಂಡರೆ ಗಾಬರಿ. ಅಗಿಯಬಾರದು, ನುಂಗಬೇಕು ಎಂದು ಹೇಳಿಕೊಡುವುದು ಹಾಸ್ಟೆಲಿನ ಅಡುಗೆಯವರ ಕೆಲಸ. ಮೂರನೇ ವರ್ಷಕ್ಕೆ ಬರುವಷ್ಟರಲ್ಲಿ ಅದೇ ಹುಡುಗರು ಬಸ್ಸಾರು ಸಾಲದೆಂದು ಜಗಳ ತೆಗೆಯುತ್ತಿದ್ದರು.

ಆಗಿನ ಖಾಸಗಿ ಕಾಲೇಜುಗಳ ಕತೆ ಹೇಳುವಾಗ ದುಡ್ಡಿನ ಮಾತನ್ನು ಬಿಟ್ಟು ಹೇಳಿದರೆ ಅದು ಅರ್ಧ ಕತೆ. ವಂತಿಗೆಯ ಮೇಲೆ ಸೀಟು ಕೊಡುವ ಪದ್ಧತಿಯ ವಿರುದ್ಧ ಸುಪ್ರೀಂ ಕೋರ್ಟು 1992ರಲ್ಲಿ ಮೋಹಿನಿ ಜೈನ್ ಪ್ರಕರಣದಲ್ಲೂ 1993ರಲ್ಲಿ ಉನ್ನಿಕೃಷ್ಣನ್ ಪ್ರಕರಣದಲ್ಲೂ ತೀರ್ಪು ಕೊಟ್ಟಿತು. 1994ರಿಂದ ಕರ್ನಾಟಕದಲ್ಲಿ ಸಿಇಟಿ ಬಂತು. ಅಲ್ಲಿಂದ ಮುಂದೆ ತರಗತಿಯ ಮುಖವೇ ಬದಲಾದದ್ದನ್ನು ನಾನು ಹಾಜರಿ ಪುಸ್ತಕ ಕೂಗುತ್ತಲೇ ಕಂಡೆ. ಶ್ರೀನಿವಾಸಪುರ, ಚಿಂತಾಮಣಿ, ಪಾವಗಡ, ಮಧುಗಿರಿಯ ಹುಡುಗ ಹುಡುಗಿಯರು ಬಂದರು. ರೇಷ್ಮೆ ಹುಳು ಸಾಕಿದ ಮನೆಯಿಂದ ಬಂದವರು, ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಶಾಲೆಗೆ ಹೋದವರು. ಇಂಗ್ಲಿಷಿನಲ್ಲಿ ತಡವರಿಸುತ್ತಿದ್ದ ಆ ಮಕ್ಕಳು ವಾರ್ಡಿಗೆ ಕಾಲಿಟ್ಟ ಮೇಲೆ ಎಲ್ಲರಿಗಿಂತ ಮುಂದೆ ನಿಂತರು.

ವಾರ್ಡಿನ ಪಾಠ

ಮೊದಲ ವರ್ಷ ಅಂಗರಚನೆ. ಫಾರ್ಮಾಲಿನ್ ವಾಸನೆಗೆ ಕಣ್ಣು ಒರೆಸಿಕೊಳ್ಳುತ್ತಾ, ಪುಸ್ತಕದ ಪುಟ ತೊಯ್ಯಿಸಿಕೊಳ್ಳುತ್ತಾ ಕಲಿಯುವ ವಿದ್ಯೆ. ಅದು ಎಲ್ಲಾ ಕಾಲೇಜಿನಲ್ಲೂ ಒಂದೇ. ಬೇರೆಯಾಗುವುದು ಆಸ್ಪತ್ರೆಗೆ ಹೋದ ಮೇಲೆ. ನಗರದ ಆಸ್ಪತ್ರೆಗೆ ರೋಗಿ ಹಳೆಯ ಕಾಗದದ ಕಟ್ಟಿನ ಜೊತೆ ಬರುತ್ತಾನೆ. ರಕ್ತ ಪರೀಕ್ಷೆ, ಸ್ಕ್ಯಾನು, ಮೂರು ಡಾಕ್ಟರರ ಅಭಿಪ್ರಾಯ ಎಲ್ಲ ಅದರಲ್ಲಿರುತ್ತದೆ. ನಮ್ಮಲ್ಲಿಗೆ ಬರುತ್ತಿದ್ದವರ ಕೈಯಲ್ಲಿ ಕಾಗದ ಇರುತ್ತಿರಲಿಲ್ಲ. ಕಾಯಿಲೆಯ ಚರಿತ್ರೆಯೆಲ್ಲ ಅವರ ಬಾಯಲ್ಲೇ ಇತ್ತು. ಅದನ್ನು ಕೇಳಿ ತೆಗೆಯಬೇಕಾಗಿತ್ತು.

ಅಲ್ಲಿ ನಾಲ್ಕು ಭಾಷೆಗಳು. ಕೋಲಾರ, ಮಾಲೂರಿನವರದು ಕನ್ನಡ, ಮುಳಬಾಗಿಲು, ಶ್ರೀನಿವಾಸಪುರ ಕಡೆ ತೆಲುಗು, ಕೆಜಿಎಫ್‌ನವರದು ತಮಿಳು, ಪೇಟೆಯ ಮುಸಲ್ಮಾನರದು ದಖನಿ ಉರ್ದು. ಬೇರಿಕೆಯಲ್ಲಿ ಹುಟ್ಟಿದವನಿಗೆ ಅದರಲ್ಲಿ ಮೂರು ತಾಯಿಯ ಮಡಿಲಲ್ಲೇ ಬಂದಿರುತ್ತವೆ. ಸಹೋದ್ಯೋಗಿಗಳು ನನ್ನನ್ನು ಬೇರೆ ವಿಭಾಗಗಳಿಗೂ ಕರೆಯುತ್ತಿದ್ದದ್ದು ನನ್ನ ಡಿಗ್ರಿ ನೋಡಿ ಅಲ್ಲ. “ಸರ್, ಒಂದ್ನಿಮಿಷ ಬನ್ನಿ, ಈ ಅಜ್ಜಿ ಏನೋ ಹೇಳ್ತಿದಾರೆ” ಎಂದು ಕರೆಯುತ್ತಿದ್ದರು. ಅಜ್ಜಿ ತೆಲುಗಿನಲ್ಲಿ ಶುರುಮಾಡಿ, ಸಿಟ್ಟು ಬಂದಾಗ ಕನ್ನಡಕ್ಕೆ ಹೊರಳಿ, ಅಳುವಾಗ ಮತ್ತೆ ತೆಲುಗಿಗೆ ಮರಳುತ್ತಿತ್ತು. ಪಕ್ಕದಲ್ಲಿ ನಿಂತ ಮಲಯಾಳಿ ಹುಡುಗಿ ಅದನ್ನೆಲ್ಲ ಇಂಗ್ಲಿಷಿನಲ್ಲಿ ಎರಡು ಸಾಲು ಮಾಡಿ ಬರೆಯುತ್ತಿದ್ದಳು. ನಾನು ಆ ಎರಡು ಸಾಲು ಹೊಡೆದುಹಾಕಿಸಿ, ಮತ್ತೆ ಹೋಗಿ ಕೇಳು ಎನ್ನುತ್ತಿದ್ದೆ. ಯಾವಾಗಿನಿಂದ ನೋವು ಎಂದು ಕೇಳಿದರೆ ತಾರೀಖು ಯಾರೂ ಹೇಳುವುದಿಲ್ಲ. ಯುಗಾದಿಯ ಹಿಂದೆಯೋ ಮುಂದೆಯೋ, ರಾಗಿ ಕೊಯ್ಲಾಗಿತ್ತೋ ಇಲ್ಲವೋ, ದೊಡ್ಡ ಮಗಳ ಬಾಣಂತನ ಮುಗಿದಿತ್ತೋ ಎಂದು ಕೇಳಿದರೆ ವಾರದ ಲೆಕ್ಕಕ್ಕೆ ಸರಿಯಾಗಿ ಉತ್ತರ ಸಿಗುತ್ತದೆ. ಇದು ಯಾವ ಪಠ್ಯದಲ್ಲೂ ಇಲ್ಲ, ಆದರೆ ಇದಿಲ್ಲದೆ ಅಲ್ಲಿ ಯಾವ ರೋಗವನ್ನೂ ಹಿಡಿಯಲಾಗದು.

ರೋಗಿಗಳು ನಮ್ಮನ್ನು ಸಹಿಸಿಕೊಂಡದ್ದನ್ನು ನೆನೆದರೆ ಈಗಲೂ ತಲೆ ಬಾಗುತ್ತದೆ. ಕಾಯಿಲೆಯ ಹೃದಯದ ಸದ್ದು ಚೆನ್ನಾಗಿ ಕೇಳಿಸುವ ಅಥವಾ ಗುಲ್ಮ ದೊಡ್ಡದಾದ ರೋಗಿಯೊಬ್ಬರು ದಾಖಲಾದರೆ ಸುದ್ದಿ ಹಾಸ್ಟೆಲಿಗೆ ಮುಟ್ಟುತ್ತಿತ್ತು. ಬೆಳಿಗ್ಗೆಯಿಂದ ಸಂಜೆತನಕ ಗುಂಪುಗುಂಪಾಗಿ ಹುಡುಗರು ಬಂದು ಹೊಟ್ಟೆ ಒತ್ತಿ, ಬೆನ್ನು ಬಡಿದು, ಎದೆಗೆ ಸ್ಟೆತಸ್ಕೋಪು ಇಟ್ಟು ಹೋಗುತ್ತಿದ್ದರು. ಮಾಲೂರು ಕಡೆಯ ಮುದುಕಿಯೊಬ್ಬರು ಒಮ್ಮೆ ನನ್ನ ವಿದ್ಯಾರ್ಥಿಗೆ ಹೇಳಿದ್ದು: “ಅಲ್ಲ ಮಗಾ, ಬೆಳಿಗ್ಗಿಂದ ಅದೇ ಕತೆ ಎಷ್ಟ್ ಸಲ ಹೇಳ್ಲಿ? ನಿಮ್ಮಲ್ಲಿ ಒಬ್ಬರಾದ್ರೂ ಬರ್ಕೊಳ್ಳಲ್ವಾ?” ಹಾಗೆಂದವರೇ ಮರುಗಳಿಗೆ ಸೆರಗು ಸರಿಮಾಡಿಕೊಂಡು ಮತ್ತೆ ಮೊದಲಿಂದ ಹೇಳಿದರು. ಪರೀಕ್ಷೆಯ ದಿನ ಇಂಥವರೇ ಕೈಹಿಡಿಯುತ್ತಿದ್ದರು. ಹುಡುಗ ಎಡಗಡೆ ಪಕ್ಕೆಯನ್ನು ಮರೆತು ಮುಂದೆ ಹೋಗುವಾಗ “ಇಲ್ಲಿ ನೋಡಪ್ಪಾ” ಎಂದು ಮೆಲ್ಲಗೆ ತೋರಿಸಿಕೊಟ್ಟವರನ್ನು ನಾನೇ ಕಂಡಿದ್ದೇನೆ. ಪರೀಕ್ಷಕರು ಕಂಡೂ ಕಾಣದಂತೆ ಇರುತ್ತಿದ್ದರು.

ಸೀಮೆಯ ಕಾಯಿಲೆಗಳು

ಕೋಲಾರವನ್ನು ರೇಷ್ಮೆ, ಹಾಲು, ಚಿನ್ನದ ನಾಡೆಂದು ಹೊಗಳುತ್ತಾರೆ. ಆಸ್ಪತ್ರೆಯಲ್ಲಿ ಕುಳಿತವನಿಗೆ ಅದೇ ನಾಡು ಬೇರೆ ರೀತಿ ಕಾಣುತ್ತದೆ.

ಮೊದಲನೆಯದು ವಿಷ. ಟೊಮೊಟೊ, ಕೋಸು, ಹುರುಳಿಕಾಯಿ ಬೆಳೆಯುವ ಕಡೆಯೆಲ್ಲ ಮನೆಯ ಮೂಲೆಯಲ್ಲಿ ಕೀಟನಾಶಕದ ಡಬ್ಬಿ ಇರುತ್ತದೆ. ಬೆಲೆ ಬಿದ್ದ ವಾರ, ಸಾಲಗಾರ ಬಾಗಿಲಿಗೆ ಬಂದ ರಾತ್ರಿ, ಗಂಡಹೆಂಡಿರ ಒಂದು ಜಗಳ, ಇಷ್ಟೇ ಸಾಕು. ತುರ್ತು ವಿಭಾಗಕ್ಕೆ ಹೊತ್ತು ತಂದಾಗ ಬಾಯಲ್ಲಿ ಜೊಲ್ಲು, ಮೈತುಂಬ ಬೆವರು, ಕಣ್ಣಿನ ಪಾಪೆ ಸೂಜಿಮೊನೆಯಷ್ಟಕ್ಕೆ ಕುಗ್ಗಿರುತ್ತದೆ, ಎದೆಯಲ್ಲಿ ನೀರು ಗುಳುಗುಳಿಸುತ್ತದೆ. ಅಟ್ರೋಪಿನ್ ಸೂಜಿಮದ್ದನ್ನು ಕೆಲವು ನಿಮಿಷಕ್ಕೊಮ್ಮೆ ದುಪ್ಪಟ್ಟು ಮಾಡುತ್ತಾ ಎದೆ ಒಣಗುವವರೆಗೆ ಕೊಡಬೇಕು. ರಾತ್ರಿಯಿಡೀ ಪಕ್ಕದಲ್ಲಿ ಕೂತು ನಾಡಿ ನೋಡಬೇಕು. ಬೆಂಗಳೂರಿನ ಎಷ್ಟೋ ಕಾಲೇಜುಗಳ ಹುಡುಗರು ಪುಸ್ತಕದಲ್ಲಿ ಓದುವುದನ್ನು ನಮ್ಮ ಇಂಟರ್ನಿಗಳು ನಿದ್ದೆಗೆಟ್ಟು ಕಲಿತರು. ಬದುಕಿ ಎದ್ದವರ ಜೊತೆ ಮಾತಾಡುವುದನ್ನೂ ಕಲಿಯಬೇಕಿತ್ತು. ಏಕೆ ಕುಡಿದೆ ಎಂದು ಗದರುವುದು ಸುಲಭ. ಮನೆಗೆ ಹೋದ ಮೇಲೆ ಆ ಡಬ್ಬಿಯನ್ನು ಎಲ್ಲಿಡುತ್ತೀರಿ, ಬೀಗ ಇದೆಯೇ ಎಂದು ಮನೆಯವರನ್ನು ಕೇಳುವುದೇ ಚಿಕಿತ್ಸೆಯ ಉಳಿದರ್ಧ.

ಎರಡನೆಯದು ಹಾವು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕನ್ನೂ ನಮ್ಮ ರೈತರು ಪುಸ್ತಕ ಓದಿದವರಿಗಿಂತ ಚೆನ್ನಾಗಿ ಗುರುತಿಸುತ್ತಾರೆ. ಆದರೆ ಕತ್ತಲಲ್ಲಿ ಕಚ್ಚಿದ್ದು ಯಾವುದೆಂದು ಯಾರು ಹೇಳಬೇಕು? ಒಂದು ಒಣ ಗಾಜಿನ ನಳಿಕೆಯಲ್ಲಿ ಎರಡು ಮಿಲಿಲೀಟರ್ ರಕ್ತ ತೆಗೆದು ಅಲುಗಾಡಿಸದೆ ಇಪ್ಪತ್ತು ನಿಮಿಷ ಇಡಬೇಕು. ಆಮೇಲೆ ಬಾಗಿಸಿ ನೋಡಿದಾಗ ರಕ್ತ ಹೆಪ್ಪುಗಟ್ಟದೆ ಹರಿದರೆ ಮಂಡಲದ ವಿಷ ಏರಿದೆ ಎಂದರ್ಥ. ಕರೆಂಟು ಬೇಡ, ಯಂತ್ರ ಬೇಡ, ಗಡಿಯಾರವಿದ್ದರೆ ಸಾಕು. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಬ್ಬಂಟಿಯಾಗಿ ಕೂರಲಿರುವ ಹುಡುಗನಿಗೆ ಇದಕ್ಕಿಂತ ದೊಡ್ಡ ಪಾಠ ಕೊಡಲಾರೆ ಎಂದು ನಾನು ಪ್ರತಿ ತಂಡಕ್ಕೂ ಹೇಳುತ್ತಿದ್ದೆ.

ಮೂರನೆಯದು ಬಾಯಿಯ ಕ್ಯಾನ್ಸರ್. ಕೋಲಾರ ಸೀಮೆಯಲ್ಲಿ ಇದರ ಮುಖ ಬಹುಪಾಲು ಹೆಂಗಸರದು. ಹೊಲದ ಕೆಲಸಕ್ಕೆ ಹೋಗುವಾಗ ಎಲೆಯಡಿಕೆಗೆ ಹೊಗೆಸೊಪ್ಪೋ ಕಡ್ಡಿಪುಡಿಯೋ ಸೇರಿಸಿ ದವಡೆಗೆ ಒತ್ತಿಕೊಂಡರೆ ಹಸಿವು ತಿಳಿಯದು; ಎಷ್ಟೋ ಜನ ರಾತ್ರಿ ಅದನ್ನು ಕೆನ್ನೆಯಲ್ಲೇ ಇಟ್ಟುಕೊಂಡು ಮಲಗುತ್ತಾರೆ. ಹುಣ್ಣು ಬೀಳುವುದು ಸರಿಯಾಗಿ ಅದೇ ಜಾಗದಲ್ಲಿ. ಕೆನ್ನೆ ತೂತಾದ ಮೇಲೆ ಮುಖಕ್ಕೆ ಸೆರಗು ಹೊದ್ದು ಬರುತ್ತಿದ್ದರು. ಈ ಕಾಯಿಲೆಯ ಮೇಲೆ ಟಮಕದ ಕಿವಿಗಂಟಲು ವಿಭಾಗದಲ್ಲಿ ನಡೆದ ಶಸ್ತ್ರಚಿಕಿತ್ಸೆ, ಅಧ್ಯಯನ ಎರಡೂ ಆ ಕಾಲೇಜಿಗೆ ಹೆಸರು ತಂದವು. ನಮ್ಮ ವಿಭಾಗದ ಪಾಲಿಗೆ ಬಂದದ್ದು ಮೊದಲ ಹಂತದ ಕೆಲಸ: ಹಳ್ಳಿಯಲ್ಲಿ ಹೆಂಗಸರನ್ನು ಬೆಳಕಿಗೆ ಕೂರಿಸಿ, ಬಾಯಿ ತೆರೆಸಿ, ಒಳಗೆ ಬಿಳಿ ಮಚ್ಚೆ ಇದೆಯೇ, ಮೂರು ಬೆರಳು ಹಿಡಿಸುವಷ್ಟು ಬಾಯಿ ತೆರೆಯುತ್ತದೆಯೇ ಎಂದು ನೋಡುವುದು.

ನಾಲ್ಕನೆಯದು ನೀರು. ಕೆರೆ ಬತ್ತಿ ಬಾವಿ ಬತ್ತಿ ಕೊಳವೆಬಾವಿ ಆಳಕ್ಕಿಳಿದಂತೆಲ್ಲ ಕಲ್ಲಿನೊಳಗಿನ ಫ್ಲೋರೈಡ್ ಲೋಟಕ್ಕೆ ಬಂತು. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಮಕ್ಕಳ ಹಲ್ಲಿಗೆ ಕಂದು ಪಟ್ಟೆ. ವರ್ಷಗಟ್ಟಲೆ ಇನ್ನೂ ಹೆಚ್ಚಾದರೆ ಬೆನ್ನು ಬಾಗಿ ಕೀಲು ಬಿಗಿಯುತ್ತದೆ. ಶಾಲಾ ತಪಾಸಣೆಗೆ ಹೋದಾಗ ನಕ್ಕ ಮಕ್ಕಳ ಹಲ್ಲು ನೋಡಿಯೇ ಆ ಊರಿನ ಬೋರ್‌ವೆಲ್ಲಿನ ಕತೆ ಹೇಳಬಹುದಾಗಿತ್ತು. ಕೃಷ್ಣಗಿರಿ, ಧರ್ಮಪುರಿಯ ಕತೆಯೂ ಬೇರೆಯಲ್ಲ. ಕಲ್ಲು ಒಂದೇ, ನೀರೂ ಒಂದೇ.

ದೇವರಾಯಸಮುದ್ರದ ದಾರಿ

ಸಮುದಾಯ ವೈದ್ಯಶಾಸ್ತ್ರದ ಮೇಲೆ ವಿದ್ಯಾರ್ಥಿಗಳಿಗೆ ಪ್ರೀತಿ ಕಡಿಮೆ. ಕತ್ತರಿ ಇಲ್ಲ, ರಕ್ತ ಇಲ್ಲ. ಬಾವಿಗೆ ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕು, ಕಕ್ಕಸುಗುಂಡಿ ಬಾವಿಯಿಂದ ಎಷ್ಟು ದೂರ ಇರಬೇಕು, ಇವೇ ಪ್ರಶ್ನೆಗಳು. ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರದಲ್ಲಿ ಕಾಲೇಜಿನ ಗ್ರಾಮೀಣ ಆರೋಗ್ಯ ತರಬೇತಿ ಕೇಂದ್ರವಿದೆ. ಇಂಟರ್ನಿಗಳು ಸರದಿಯ ಮೇಲೆ ಅಲ್ಲಿಗೆ ಹೋಗಬೇಕು. ಹೋಗುವ ದಿನ ಮುಖ ಸೊಟ್ಟ; ವಾಪಸು ಬರುವ ದಿನ ಯಾರಾದರೂ ಕೊಟ್ಟ ಕಡಲೆಕಾಯಿಯೋ ಮಾವಿನಹಣ್ಣೋ ಚೀಲದಲ್ಲಿರುತ್ತಿತ್ತು.

ಕುಟುಂಬ ಅಧ್ಯಯನವೆಂದರೆ ಒಂದೊಂದು ಮನೆಯನ್ನು ಒಬ್ಬೊಬ್ಬ ವಿದ್ಯಾರ್ಥಿಗೆ ಒಪ್ಪಿಸುವುದು. ಎಷ್ಟು ಜನ, ಏನು ಅಡುಗೆ, ಒಲೆಯ ಹೊಗೆ ಎಲ್ಲಿ ಹೋಗುತ್ತದೆ, ದನ ಎಲ್ಲಿ ಕಟ್ಟುತ್ತಾರೆ, ಬಸುರಿಗೆ ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆಯೇ, ಕೊಟ್ಟದ್ದು ಹೊಟ್ಟೆಗೆ ಹೋಗಿದೆಯೇ ಅಥವಾ ಗೂಡಿನಲ್ಲಿ ಕೂತಿದೆಯೇ. ಮಾತ್ರೆ ತಿಂದರೆ ಮಲ ಕಪ್ಪಾಗುತ್ತದೆ, ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬ ಭಯದಿಂದ ಗೂಡಿನಲ್ಲಿ ಕೂತ ಮಾತ್ರೆಗಳೇ ಹೆಚ್ಚು. ಸೊಸೆಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲ, ಅತ್ತೆಯನ್ನು ಒಪ್ಪಿಸಬೇಕು ಎಂಬುದನ್ನು ಹುಡುಗರು ಎರಡನೇ ಭೇಟಿಗೇ ಕಲಿತುಬಿಡುತ್ತಿದ್ದರು. ವಾಂತಿ ಭೇದಿಗೆ ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಎಂದು ತರಗತಿಯಲ್ಲಿ ಕಂಠಪಾಠ ಮಾಡಿದವರು, ಆ ಮನೆಯಲ್ಲಿ ಲೀಟರ್ ಅಳೆಯುವ ಪಾತ್ರೆ ಯಾವುದು ಎಂದು ಹುಡುಕುವಾಗಲೇ ನಿಜವಾಗಿ ಕಲಿತದ್ದು. ಡೇರಿಗೆ ಹಾಲು ಹಾಕುವ ಮನೆಯಲ್ಲಿ ಆ ತೊಂದರೆ ಇರಲಿಲ್ಲ, ಅಳತೆಯ ಪಾತ್ರೆ ಗೋಡೆಗೆ ತೂಗುಹಾಕಿರುತ್ತಿತ್ತು. ಅದೇ ಮನೆಯ ಮಗು ಮಾತ್ರ ಸೊರಗಿರುತ್ತಿತ್ತು, ಏಕೆಂದರೆ ಹಾಲೆಲ್ಲ ಡೇರಿಗೆ.

ಬೇರೆಯವರು ಮಾಡಿದ್ದು

ಹಳ್ಳಿಯಲ್ಲಿ ಕಟ್ಟಡವಿದ್ದ ಮಾತ್ರಕ್ಕೆ ಅದು ಹಳ್ಳಿಯ ಕಾಲೇಜಾಗುವುದಿಲ್ಲ. ಇದನ್ನು ನಾನು ಬೇರೆ ಕೆಲವು ಪ್ರಯೋಗಗಳ ಪಕ್ಕದಲ್ಲಿಟ್ಟು ನೋಡುತ್ತಾ ಬಂದಿದ್ದೇನೆ. ಗಾಂಧಿ ಶತಮಾನೋತ್ಸವದ ವರ್ಷ, 1969ರಲ್ಲಿ, ಡಾ. ಸುಶೀಲಾ ನಯ್ಯರ್ ಸೇವಾಗ್ರಾಮದಲ್ಲಿ ಮಹಾತ್ಮ ಗಾಂಧಿ ವೈದ್ಯವಿಜ್ಞಾನ ಸಂಸ್ಥೆ ಕಟ್ಟಿದರು. ಅಲ್ಲಿಗೆ ಸೇರಿದವರು ಮೊದಲು ಆಶ್ರಮದಲ್ಲಿದ್ದು ಶ್ರಮದಾನ ಮಾಡಬೇಕು, ಖಾದಿ ತೊಡಬೇಕು. ಪ್ರತಿ ತಂಡವೂ ಒಂದು ಹಳ್ಳಿಯನ್ನು ತನ್ನದಾಗಿಸಿಕೊಳ್ಳಬೇಕು.

ನಮಗೆ ಹತ್ತಿರದ ಉದಾಹರಣೆ ಶಿಡ್ಲಘಟ್ಟ ತಾಲ್ಲೂಕಿನ ಮಳ್ಳೂರು. 1973ರಲ್ಲಿ ಅಲ್ಲಿನ ಹಾಲು ಉತ್ಪಾದಕರ ಸಹಕಾರ ಸಂಘದವರು ತಾವು ಡೇರಿಗೆ ಹಾಕುವ ಪ್ರತಿ ಲೀಟರ್ ಹಾಲಿನ ಮೇಲೆ ಕೆಲವು ಪೈಸೆ ಎತ್ತಿಟ್ಟು, ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೊತೆ ಸೇರಿ ತಮ್ಮೂರಿಗೆ ಆರೋಗ್ಯ ಸಹಕಾರ ಸಂಘ ಕಟ್ಟಿಕೊಂಡರು. ದಾನದ ದುಡ್ಡಲ್ಲ, ಹಸುವಿನ ಕೆಚ್ಚಲಿನಿಂದ ಬಂದ ದುಡ್ಡು. ಹಾಗಾಗಿ ಡಾಕ್ಟರು ಬರಲಿಲ್ಲವೆಂದರೆ ಜವಾಬು ಕೇಳುವ ಹಕ್ಕು ಊರಿಗಿತ್ತು. ಅದೇ ಸೇಂಟ್ ಜಾನ್ಸ್‌ನವರ ಗ್ರಾಮೀಣ ಕೇಂದ್ರ ಇಂದು ಸರ್ಜಾಪುರದ ಬಳಿಯ ಮುಗಳೂರಿನಲ್ಲಿದೆ, ದಕ್ಷಿಣ ಪಿನಾಕಿನಿಯ ದಡದಲ್ಲಿ. ಮುಗಳೂರು ದಾಟಿದ ಆ ನದಿಯೇ ನಮ್ಮ ಬಾಗಲೂರು ಕಡೆಗೆ ಇಳಿದು ಹೊಸೂರಿನ ಕೆಲವರಪಳ್ಳಿ ಅಣೆಕಟ್ಟೆ ಸೇರುತ್ತದೆ. ವೇಲೂರಿನಲ್ಲಂತೂ ಇಡಾ ಸ್ಕಡರ್ ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲೇ ದಾರಿಬದಿಯ ಮರದಡಿ ಔಷಧಿ ಪೆಟ್ಟಿಗೆ ಇಳಿಸಿ ಹಳ್ಳಿಗರನ್ನು ನೋಡತೊಡಗಿದ್ದರು. ಇವರೆಲ್ಲರ ಕೆಲಸದಲ್ಲಿ ನನಗೆ ಕಂಡ ಸಾಮಾನ್ಯ ಅಂಶ ಒಂದೇ: ಪಾಠ ಕಾಲೇಜಿನ ಗೇಟು ದಾಟಿ ಹೋಯಿತು, ಮತ್ತು ಒಂದೇ ಮನೆಗೆ ಮತ್ತೆ ಮತ್ತೆ ಹೋಯಿತು.

ಬದಲಾದದ್ದು

1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯ ಬಂದು ಕರ್ನಾಟಕದ ವೈದ್ಯಕೀಯ ಕಾಲೇಜುಗಳ ಪರೀಕ್ಷೆಗಳೆಲ್ಲ ಒಂದೇ ಸೂರಿನಡಿ ಸೇರಿದವು. 2007ರಲ್ಲಿ ಟಮಕದ ಸಂಸ್ಥೆ ತಾನೇ ಡೀಮ್ಡ್ ವಿಶ್ವವಿದ್ಯಾಲಯವಾಯಿತು. 2008ರಲ್ಲಿ ಎರಡೂ ರಾಜ್ಯಗಳಲ್ಲಿ 108 ಆಂಬುಲೆನ್ಸ್ ಓಡತೊಡಗಿತು. ಅಲ್ಲಿಯವರೆಗೆ ಹಾವು ಕಚ್ಚಿದವರು ಟೊಮೊಟೊ ಟೆಂಪೋದಲ್ಲಿ ಕ್ರೇಟುಗಳ ಮೇಲೆ ಮಲಗಿ ಬರುತ್ತಿದ್ದರು. 2003ರ ಯಶಸ್ವಿನಿ ಯೋಜನೆಯಿಂದ ಸಹಕಾರ ಸಂಘದ ರೈತ ವರ್ಷಕ್ಕೆ ಸಣ್ಣ ಮೊತ್ತ ಕಟ್ಟಿ ದೊಡ್ಡ ಆಪರೇಷನ್ ಮಾಡಿಸಿಕೊಳ್ಳುವಂತಾಯಿತು.

ಆದರೆ ನಮ್ಮ ಬೇರಿಕೆಯವರಿಗೆ ಅದೇ ಯಶಸ್ವಿನಿ ದಕ್ಕಲಿಲ್ಲ. ಮಾಸ್ತಿಯ ರೈತನಿಗೆ ಸಿಕ್ಕದ್ದು ಅವನ ಪಕ್ಕದ ಹೊಲದ ನಮ್ಮ ರೈತನಿಗೆ ಸಿಗಲಿಲ್ಲ, ಏಕೆಂದರೆ ಅವನ ರೇಷನ್ ಕಾರ್ಡು ತಮಿಳುನಾಡಿನದು. ಕಾಯಿಲೆ ಬಂದಾಗ ಗಡಿಯೇ ಇಲ್ಲವೆಂದುಕೊಂಡಿದ್ದ ಊರಿಗೆ ಬಿಲ್ಲು ಕಟ್ಟುವ ಕಿಟಕಿಯ ಮುಂದೆ ಗಡಿ ಕಂಡಿತು. ನಮ್ಮೂರಿನವರು ಕೈಯಲ್ಲಿ ಚೀಟಿ ಹಿಡಿದು ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತಾಗ ನಾನು ಮಾಡಬಹುದಾಗಿದ್ದದ್ದು ಕಡಿಮೆ.

ವಿದ್ಯಾರ್ಥಿಗಳೂ ಬದಲಾದರು. ನೀಟ್ ಬಂದ ಮೇಲೆ ಇಂಟರ್ನಿಶಿಪ್ಪಿನ ವರ್ಷವೆಲ್ಲ ಸ್ನಾತಕೋತ್ತರ ಸೀಟಿನ ಓದಿಗೆ ಹೋಗತೊಡಗಿತು. ರೋಗಿಯ ಪಕ್ಕ ಕೂರುವ ಹೊತ್ತು ಪ್ರಶ್ನೆಪತ್ರಿಕೆ ಬಿಡಿಸುವ ಹೊತ್ತಾಯಿತು. ಹುಡುಗರನ್ನು ದೂರಿ ಫಲವಿಲ್ಲ. ಪರೀಕ್ಷೆ ಏನನ್ನು ಕೇಳುತ್ತದೋ ಅವರು ಅದನ್ನೇ ಓದುತ್ತಾರೆ. ಆದರೆ ಎಲ್ಲರೂ ಬಿಟ್ಟು ಹೋದರೆಂದರೆ ಸುಳ್ಳಾಗುತ್ತದೆ. ಹಳ್ಳಿಯಲ್ಲಿ ಕಲಿತ ಕೈ ಎಲ್ಲಿಗೆ ಹೋದರೂ ಕೈಯೇ. ಅರಬ್ ದೇಶದಲ್ಲಿ ತುರ್ತು ವಿಭಾಗ ನೋಡಿಕೊಳ್ಳುವ ನನ್ನ ವಿದ್ಯಾರ್ಥಿಯೊಬ್ಬರು ಈಗಲೂ ಫೋನ್ ಮಾಡಿದಾಗ ಹೇಳುವುದು ಟಮಕದ ವಿಷದ ಕೇಸುಗಳ ಮಾತನ್ನೇ. ಸೀಮೆಯ ತಾಲ್ಲೂಕು ಆಸ್ಪತ್ರೆಗಳಲ್ಲಿ, ಆರೋಗ್ಯ ಕೇಂದ್ರಗಳಲ್ಲಿ ಉಳಿದವರೂ ಇದ್ದಾರೆ. ಅವರ ಹೆಸರು ಪೇಪರಿನಲ್ಲಿ ಬರುವುದಿಲ್ಲ, ಆದರೆ ರಾತ್ರಿ ಹೆರಿಗೆ ನೋವು ಬಂದಾಗ ಜನಕ್ಕೆ ನೆನಪಾಗುವುದು ಅವರೇ.

ಈಗ ನಮ್ಮ ಬಾಗಿಲಿಗೆ

ಈ ಸಂಚಿಕೆ ಓದುವ ನಮ್ಮೂರಿನ ಮಕ್ಕಳಿಗೆ ನಾನು ಹೇಳಬೇಕಾದದ್ದು ಇಲ್ಲಿದೆ. ನನ್ನ ಕಾಲದಲ್ಲಿ ವೈದ್ಯ ಓದಬೇಕೆಂದರೆ ಜಿಲ್ಲೆ ಬಿಟ್ಟು ಹೊರಡಬೇಕಿತ್ತು. ಧರ್ಮಪುರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂದದ್ದೇ 2008ರಲ್ಲಿ. 2022ರ ಜನವರಿ 12ರಂದು ತಮಿಳುನಾಡಿನಲ್ಲಿ ಒಂದೇ ದಿನ ಹನ್ನೊಂದು ಸರ್ಕಾರಿ ವೈದ್ಯಕೀಯ ಕಾಲೇಜುಗಳು ಉದ್ಘಾಟನೆಯಾದವು. ಅವುಗಳಲ್ಲಿ ಒಂದು ನಮ್ಮ ಕೃಷ್ಣಗಿರಿಯದು, 150 ಸೀಟುಗಳದು. 2020ರಿಂದ ಆರನೇ ತರಗತಿಯಿಂದ ಹನ್ನೆರಡರವರೆಗೆ ಸರ್ಕಾರಿ ಶಾಲೆಯಲ್ಲೇ ಓದಿ ನೀಟ್ ಪಾಸಾದವರಿಗೆ ಈ ರಾಜ್ಯದಲ್ಲಿ ಶೇ 7.5ರಷ್ಟು ಮೀಸಲಾತಿ ಇದೆ. ಬೇರಿಕೆಯ ಸರ್ಕಾರಿ ಶಾಲೆಯ ಹುಡುಗಿಗೆ ಇದು ಕೈಗೆಟಕುವ ದೂರ.

ಸರ್ಕಾರವೂ ಮನೆ ಬಾಗಿಲಿಗೆ ಬರತೊಡಗಿದೆ. ಸಕ್ಕರೆ ಕಾಯಿಲೆ, ಬಿಪಿ ಇರುವವರ ಮನೆಗೇ ಮಾತ್ರೆ ತಲುಪಿಸುವ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯನ್ನು ತಮಿಳುನಾಡಿನ ಮುಖ್ಯಮಂತ್ರಿಗಳು 2021ರ ಆಗಸ್ಟ್ 5ರಂದು ಶುರುಮಾಡಿದ್ದು ನಮ್ಮದೇ ಜಿಲ್ಲೆಯ ಸಾಮನಪಳ್ಳಿಯಲ್ಲಿ. ದೇಶದ ಎಲ್ಲಾ ವೈದ್ಯಕೀಯ ಕಾಲೇಜುಗಳಲ್ಲೂ ಈಗ ಕುಟುಂಬ ದತ್ತು ಕಾರ್ಯಕ್ರಮವಿದೆ: ಮೊದಲ ವರ್ಷದಿಂದಲೇ ಪ್ರತಿ ವಿದ್ಯಾರ್ಥಿಗೆ ಕೆಲವು ಹಳ್ಳಿ ಮನೆಗಳು, ವರ್ಷಗಟ್ಟಲೆ ಅದೇ ಮನೆಗಳು. ನಾವು ದೇವರಾಯಸಮುದ್ರದಲ್ಲಿ ಮಾಡುತ್ತಿದ್ದದ್ದಕ್ಕೆ ಈಗ ದೇಶದ ನಿಯಮದ ಬಲ ಬಂದಿದೆ. ಅದು ಸಹಿ ಹಾಕಿ ಮುಗಿಸುವ ಕೆಲಸವಾಗದಂತೆ ನೋಡಿಕೊಳ್ಳುವ ಹೊಣೆ ಕಾಲೇಜಿನಷ್ಟೇ ಊರಿನದೂ ಹೌದು.

ಆದ್ದರಿಂದ ಊರಿನ ಹಿರಿಯರಲ್ಲಿ ನನ್ನ ಕೋರಿಕೆ ಇಷ್ಟೇ. ಬಿಳಿ ಕೋಟಿನ ಹುಡುಗರು ಪುಸ್ತಕ ಹಿಡಿದು ನಿಮ್ಮ ಬೀದಿಗೆ ಬಂದಾಗ ‘ಕೆಲಸ ಇದೆ, ನಾಳೆ ಬನ್ನಿ’ ಎನ್ನಬೇಡಿ. ಕೂರಿಸಿ, ಮಾತಾಡಿಸಿ, ಅವರಿಗೆ ಬಾರದ ಭಾಷೆಯನ್ನು ನಾಲ್ಕು ಮಾತಾದರೂ ಕಲಿಸಿ. ಕೀಟನಾಶಕದ ಡಬ್ಬಿ ಎಲ್ಲಿಟ್ಟಿದ್ದೀರಿ ಎಂದು ಕೇಳಿದರೆ ನಿಜ ಹೇಳಿ. ಬಾಯಿ ತೆರೆಯಿರಿ ಎಂದರೆ ನಾಚಿಕೊಳ್ಳದೆ ತೆರೆಯಿರಿ. ಮುಂದಿನ ಸಲ ಅವರು ಬರದಿದ್ದರೆ ಯಾಕೆ ಬರಲಿಲ್ಲವೆಂದು ಕಾಲೇಜಿಗೆ ಕಾಗದ ಬರೆಯಿರಿ. ಮಳ್ಳೂರಿನವರು ಕೇಳಿದ ಜವಾಬನ್ನು ಬೇರಿಕೆಯವರೂ ಕೇಳಬಹುದು. ಮನೆಯಲ್ಲಿ ಓದುವ ಮಗುವೊಂದಿದ್ದರೆ, ಅದರಲ್ಲೂ ಹೆಣ್ಣುಮಗುವಿದ್ದರೆ, ಹತ್ತನೇ ತರಗತಿಗೆ ಓದು ನಿಲ್ಲಿಸಿ ಮದುವೆಯ ಮಾತೆತ್ತಬೇಡಿ. ಮೂರು ಭಾಷೆ ಬಲ್ಲ ಡಾಕ್ಟರು ಈ ಗಡಿಸೀಮೆಗೆ ಬೇಕಾಗಿದ್ದಾರೆ, ಅವರು ನಮ್ಮ ಮನೆಗಳಿಂದಲೇ ಬರಬೇಕು.